ಒಬ್ಬರ ಟೆಂಟ್, ಬೇಸಿಗೆಯ ರಾತ್ರಿ

(ಯುಗಾದಿ ಕಳೆದ ಎರಡನೇ ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿ ಚಾರಣದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಸೆಕೆಯಲ್ಲೂ ಭಾನುವಾರದ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದಿದ್ದೀರಿ, ಸಂತೋಷ.

ಮಾತಿಗೆ ಮೊದಲು ಒಂದು ತೂಕ ಹಾಕೋಣ. ಇದು ಒಬ್ಬರು ಮಲಗುವ ಟೆಂಟ್. ಚೀಟಿಯ ಮೇಲೆ 930 ಗ್ರಾಂ ಎಂದು ಅಚ್ಚಾಗಿದೆ. ಈಗ ಚೀಲ ಸಮೇತ ಈ ಕೊಕ್ಕೆ ತಕ್ಕಡಿಗೆ ನೇತು ಹಾಕುತ್ತೇನೆ. ಮುಂದಿನ ಸಾಲಿನವರು ಓದಿ ಹೇಳಿ. 1,240. ಮುನ್ನೂರಹತ್ತು ಗ್ರಾಂ ಎಲ್ಲಿಂದ ಬಂತು? ಟೆಂಟ್ ಮಾರುವವರು ಎರಡು ಬಗೆಯ ತೂಕ ಹೇಳುತ್ತಾರೆ. ಒಳಗಿನ ಬಲೆ, ಹೊರಗಿನ ಹೊದಿಕೆ, ಕಂಬಿ, ಇಷ್ಟರದ್ದೇ ಒಂದು ತೂಕ. ಗೂಟ, ಹಗ್ಗ, ಚೀಲಗಳು, ರಿಪೇರಿಗೆ ಕೊಡುವ ಬಟ್ಟೆತುಂಡು ಎಲ್ಲ ಸೇರಿದರೆ ಇನ್ನೊಂದು. ದೊಡ್ಡ ಅಕ್ಷರದಲ್ಲಿ ಹಾಕುವುದು ಮೊದಲನೆಯದನ್ನು, ನಮ್ಮ ಬೆನ್ನು ಹೊರುವುದು ಎರಡನೆಯದನ್ನು. ಅಡಿಯಲ್ಲಿ ಹಾಸುವ ಹಾಳೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಇಂಥ ತಕ್ಕಡಿಯೊಂದನ್ನು ಜೊತೆಗೆ ಒಯ್ಯಿರಿ. ಕೇಳಲು ಸಂಕೋಚ ಬೇಡ. ನಾವು ಸೊಪ್ಪಿನವರ ಹತ್ತಿರ ತೂಕ ಕೇಳುವುದಿಲ್ಲವೇ?

ಬೇಸಿಗೆ ಚಾರಣಕ್ಕೆ ಒಬ್ಬರ ಹಗುರ ಟೆಂಟ್ ಆರಿಸುವುದು ಹೇಗೆ ಅನ್ನುವುದು ನನಗೆ ಕೊಟ್ಟ ವಿಷಯ. ಹಗುರ ಎಂಬ ಮಾತು ಬಂದ ಕೂಡಲೇ ಎಲ್ಲರ ಗಮನ ಗ್ರಾಂ ಕಡೆಗೇ ಹೋಗುತ್ತದೆ. ನಾನೂ ಏಳೆಂಟು ವರ್ಷ ಹಾಗೇ ನೋಡಿದವಳು. ಈಗ ನನ್ನ ಲೆಕ್ಕದ ಕ್ರಮ ಬದಲಾಗಿದೆ. ಬೇಸಿಗೆಯ ಟೆಂಟಿನಲ್ಲಿ ಮೊದಲು ನೋಡುವುದು ಗಾಳಿ ಆಡುತ್ತದೆಯೇ ಎಂದು. ಆಮೇಲೆ ಮಳೆ. ತೂಕ ಮೂರನೆಯದು. ಇವತ್ತಿನ ಮಾತೆಲ್ಲ ಈ ಕ್ರಮಕ್ಕೆ ಹೇಗೆ ಬಂದೆ ಅನ್ನುವುದರ ಸುತ್ತಲೇ ಇರುತ್ತದೆ.

ತೂಕ ಮೂರನೆಯದು ಅಂದೆ, ಬೇಡವೇ ಬೇಡ ಅನ್ನಲಿಲ್ಲ. ಕಾಲೇಜಿನ ದಿನಗಳಲ್ಲಿ ನಾವು ಹೊರುತ್ತಿದ್ದ ಟೆಂಟುಗಳು ಮೂರು ಕಿಲೋ ತೂಗುತ್ತಿದ್ದವು. ಇಬ್ಬರು ಹಂಚಿಕೊಂಡು ಹೊರುವುದರಿಂದ ನಡೆಯುತ್ತಿತ್ತು. ಒಬ್ಬರೇ ಹೊರಟಾಗ ಹಂಚಿಕೊಳ್ಳಲು ಯಾರಿದ್ದಾರೆ? ಬೇಸಿಗೆಯಲ್ಲಿ ಮೂರು ಲೀಟರ್ ನೀರು ಹೊರಲೇಬೇಕು, ಅದೇ ಮೂರು ಕಿಲೋ ಆಯಿತು. ಹಾಗಾಗಿ ಗೂಟ, ಹಗ್ಗ ಎಲ್ಲ ಸೇರಿ ಒಂದು ಕಿಲೋ ಒಳಗೆ ಬಂದರೆ ಅದು ಒಳ್ಳೆಯ ಹಗುರ ಟೆಂಟ್ ಎಂದು ನಾನು ಲೆಕ್ಕ ಹಾಕುತ್ತೇನೆ. ಅಲ್ಲಿಂದ ಕೆಳಗೆ ಇಳಿದಷ್ಟೂ ಪ್ರತಿ ನೂರು ಗ್ರಾಂಗೆ ಇನ್ನೇನನ್ನೋ ಬಿಟ್ಟುಕೊಡುತ್ತಿದ್ದೀರಿ. ಜಾಗವನ್ನೋ, ಬಾಳಿಕೆಯನ್ನೋ, ಹಣವನ್ನೋ, ನಿದ್ದೆಯನ್ನೋ.

ಬಿಟ್ಟುಕೊಡಲು ಸಿದ್ಧರಿದ್ದರೆ ಎಷ್ಟು ಹಗುರಕ್ಕೂ ಹೋಗಬಹುದು. ಅಮೆರಿಕದ ಎಮ್ಮಾ ಗೇಟ್‌ವುಡ್ ಅವರನ್ನು ನಾನು ಸದಾ ನೆನೆಯುತ್ತೇನೆ. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಸುಮಾರು 3,300 ಕಿ.ಮೀ. ಉದ್ದದ ಅಪಲಾಚಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ತಾವೇ ಹೊಲಿದ ಒಂದು ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ಕಡೆ ಕುರಿ ಕಾಯುವವರು ಕಂಬಳಿಯ ಒಂದು ಮೂಲೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಗೂ ಅದೇ, ಚಳಿಗೂ ಅದೇ, ಹಾಸಿಗೆಗೂ ಅದೇ. ಇವರ ಮುಂದೆ ನಿಂತು ಗ್ರಾಂ ಲೆಕ್ಕ ಹೇಳಲು ನನಗೆ ಅಳುಕಾಗುತ್ತದೆ. ಆದರೆ ಸೊಳ್ಳೆ, ಇರುವೆ, ಚೇಳು, ಇವಕ್ಕೆ ಪರದೆಯೂ ಸಾಲದು, ಕೊಪ್ಪೆಯೂ ಸಾಲದು. ನಮ್ಮ ಬೇಸಿಗೆಯಲ್ಲಿ ಟೆಂಟ್ ಬೇಕಾಗುವ ಮೊದಲ ಕಾರಣವೇ ಈ ಹುಳುಹುಪ್ಪಟೆ.

ಇನ್ನು ಗಾಳಿಯ ಮಾತು. ಪಾಂಡವಪುರದ ಹತ್ತಿರ ಗೆಳತಿಯೊಬ್ಬಳ ತೋಟವಿದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಕಾಣುವ ಬಯಲು, ಒಂದು ಕಡೆ ತೆಂಗು, ಇನ್ನೊಂದು ಕಡೆ ಕಬ್ಬು. ಹೊಸದಾಗಿ ಕೊಂಡ 560 ಗ್ರಾಂನ ಟೆಂಟನ್ನು ಪರೀಕ್ಷೆ ಮಾಡೋಣವೆಂದು ಏಪ್ರಿಲ್ ತಿಂಗಳ ಒಂದು ಶನಿವಾರ ಹೋದೆ. ಒಂದೇ ಪದರದ ಬಟ್ಟೆ, ಬಾಗಿಲಿಗೆ ಮಾತ್ರ ಬಲೆ. ತೆಂಗಿನ ಕಾಯಿ, ಗರಿ ಮೈಮೇಲೆ ಬೀಳದ ಹಾಗೆ ಮರಗಳಿಂದ ದೂರ, ಕಬ್ಬಿನ ಗದ್ದೆಯ ಬದುವಿನ ಪಕ್ಕ ಬಯಲಲ್ಲಿ ಕಟ್ಟಿದೆ. ಆ ಸಂಜೆ ಕಬ್ಬಿಗೆ ನೀರು ಹಾಯಿಸಿದ್ದರು. ದಾರಿಯಲ್ಲಿ ಹೋಗಿಬರುವವರಿಗೆ ಕಾಣುತ್ತೇನೆಂಬ ಹಿಂಜರಿಕೆಗೆ ಬಾಗಿಲ ಹೊದಿಕೆಯನ್ನು ಕೆಳತನಕ ಎಳೆದು ಮಲಗಿದೆ.

ನಾಲ್ಕು ಗಂಟೆಗೆ ಹಣೆಯ ಮೇಲೆ ತಣ್ಣಗೆ ಏನೋ ಬಿದ್ದು ಎಚ್ಚರವಾಯಿತು. ಟಾರ್ಚ್ ಹಾಕಿದರೆ ಬಟ್ಟೆಯ ಒಳಮೈ ತುಂಬ ಸಾಸಿವೆ ಕಾಳಿನಂಥ ಹನಿಗಳು. ಬೆರಳ ತುದಿಯಿಂದ ಒಂದನ್ನು ಮುಟ್ಟಿದೆ. ಅದು ಪಕ್ಕದ ಹನಿಯನ್ನು ಕೂಡಿಕೊಂಡಿತು, ಎರಡೂ ಸೇರಿ ಮೂರನೆಯದನ್ನು ಎಳೆದುಕೊಂಡವು, ಮೆಲ್ಲಗೆ ಜಾರುತ್ತ ಹೊಲಿಗೆಯ ಸಾಲಿನ ತನಕ ಬಂದು ಅಲ್ಲಿ ನಿಂತವು, ತುಂಬಿಕೊಂಡವು, ನನ್ನ ಕಾಲಿನ ಹರಡಿನ ಮೇಲೆ ಬಿದ್ದವು. ಹೊದಿಕೆಯ ಕಾಲಿನ ಕಡೆ ಬಟ್ಟೆಗೆ ತಾಗಿ ತೊಯ್ದು ಹೋಗಿತ್ತು. ಹೊರಗೆ ಬಂದು ನೋಡಿದರೆ ಆಕಾಶ ತಿಳಿಯಾಗಿತ್ತು, ನಕ್ಷತ್ರ ಹರಡಿಕೊಂಡಿದ್ದವು.

ಬೆಳಿಗ್ಗೆ ಗೆಳತಿಯ ಅತ್ತೆ ಕಾಫಿ ಹಿಡಿದು ಬಂದವರು ನನ್ನ ಹೊದಿಕೆ ಹಿಂಡುತ್ತಿದ್ದುದನ್ನು ನೋಡಿದರು. "ರಾತ್ರಿ ಒಂದ್ ಹನೀನೂ ಬೀಳ್ಲಿಲ್ವಲ್ಲವ್ವ, ನೀನ್ಯಾಕೆ ನೆಂದೋಗಿದ್ದೀಯ?" ಅಂದರು. ಹೇಳಿದೆ. ಟೆಂಟಿನ ಸುತ್ತ ಒಂದು ಸುತ್ತು ಬಂದು, "ಕದ ಹಾಕ್ಕಂಡು ಮಲಗಿದ್ದೆ ಅನ್ನು. ದನಿನ ಕೊಟ್ಟಿಗೇಗೂ ಗಾಳಿಗೆ ಕಿಂಡಿ ಬುಟ್ಟಿರ್ತೀವಿ ಕಣವ್ವ" ಅಂದರು. ನಾನು ಓದಿದ ಯಾವ ವಿವರಣೆಯೂ ಅಷ್ಟು ನೇರವಾಗಿರಲಿಲ್ಲ.

ಆ ನೀರು ಎಲ್ಲಿಂದ ಬಂತು ಅಂದರೆ, ಅರ್ಧ ನನ್ನಿಂದ, ಅರ್ಧ ಗದ್ದೆಯಿಂದ. ಉಸಿರು, ಚರ್ಮ ಎರಡೂ ಸೇರಿ ಒಂದು ರಾತ್ರಿಗೆ ಕಾಲು ಲೀಟರಿನ ಆಸುಪಾಸು ನೀರಾವಿ ನಮ್ಮ ಮೈಯಿಂದ ಹೋಗುತ್ತದೆ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೇ. ಉಳಿದದ್ದು ತಣ್ಣಗಿರುವ ಮೇಲ್ಮೈ ಹುಡುಕಿಕೊಂಡು ಹನಿಯಾಗುತ್ತದೆ. ತಿಳಿ ಆಕಾಶದ ರಾತ್ರಿಯಲ್ಲಿ ಟೆಂಟಿನ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಿಮ್ಮ ಬೀದಿಯಲ್ಲೇ ನೋಡಿ. ಹೊಂಗೆ ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಿಗ್ಗೆ ಒಣಗಿರುತ್ತದೆ, ಬಯಲಲ್ಲಿ ನಿಲ್ಲಿಸಿದ್ದು ಒದ್ದೆಯಾಗಿರುತ್ತದೆ. ಟೆಂಟಿಗೂ ಅದೇ ನಿಯಮ. ಮರದ ನೆರಳು ರಾತ್ರಿಯಲ್ಲೂ ಬೇಕು. ಆದರೆ ತೆಂಗು ಬೇಡ, ಒಣಕೊಂಬೆ ಇರುವ ಮರವೂ ಬೇಡ. ಹೊಳೆದಂಡೆ, ನೀರು ಹಾಯಿಸಿದ ಗದ್ದೆ, ತಗ್ಗು ಜಾಗ ಇವನ್ನು ಬಿಟ್ಟು ಹತ್ತು ಮಾರು ಮೇಲಕ್ಕೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಟೆಂಟಿನ ವಿಚಾರದಲ್ಲಿ, ಎರಡು ಪದರದ್ದನ್ನು ಕೊಳ್ಳಿ. ಒಳಗೆ ಪೂರ್ತಿ ಬಲೆ, ಹೊರಗೆ ಮಳೆಯ ಹೊದಿಕೆ, ನಡುವೆ ಒಂದು ಗೇಣಿನಷ್ಟಾದರೂ ಜಾಗ. ಹನಿ ಕಟ್ಟುವುದು ಆಗಲೂ ತಪ್ಪುವುದಿಲ್ಲ, ಹೊರಪದರದಲ್ಲಿ ಕಟ್ಟುತ್ತದೆ, ನಿಮ್ಮ ಮೈಗೆ ತಾಗುವುದಿಲ್ಲ. ಹೊರಹೊದಿಕೆಯ ಅಂಚು ನೆಲದಿಂದ ನಾಲ್ಕಾರು ಬೆರಳು ಮೇಲಿರಲಿ, ನೆತ್ತಿಯಲ್ಲಿ ಒಂದು ಕಿಂಡಿ ಇರಲಿ. ಕೆಳಗಿಂದ ತಣ್ಣನೆ ಗಾಳಿ ಬಂದು ಮೇಲಿಂದ ಬಿಸಿ ಗಾಳಿ ಹೋಗುವ ದಾರಿ ಅದು. ಹಳೆ ಮನೆಗಳ ಗವಾಕ್ಷಿ ಮಾಡುತ್ತಿದ್ದ ಕೆಲಸವೇ. ಮೋಡವಿಲ್ಲದ ರಾತ್ರಿ ಹೊರಹೊದಿಕೆಯನ್ನು ಅರ್ಧ ಸುತ್ತಿ ಕಟ್ಟಿ, ಬಲೆಯೊಳಗೆ ಮಲಗಿ. ಆ ಸುಖಕ್ಕಾಗಿ ಇನ್ನೂರು ಗ್ರಾಂ ಹೆಚ್ಚು ಹೊರಲು ನಾನು ಸಿದ್ಧ. ಒಳಪದರದಲ್ಲಿ ಬಲೆಗೆ ಬದಲು ಬಟ್ಟೆ ಹಾಕಿದ ಟೆಂಟುಗಳೂ ಸಿಗುತ್ತವೆ. ಅವು ಸ್ಪಿತಿ, ಲಡಾಖಿನ ದೂಳುಗಾಳಿಗೆ ಒಳ್ಳೆಯವು, ಮೈಸೂರು ಮಂಡ್ಯದ ಏಪ್ರಿಲ್ಲಿಗೆ ಬೇಡ.

ಒಬ್ಬ ತಂಗಿ ಇಲ್ಲೊಂದು ಪ್ರಶ್ನೆ ಕೇಳಿದಳು. ಪೂರ್ತಿ ಬಲೆಯಾದರೆ ಹೆಣ್ಣುಮಕ್ಕಳು ಒಳಗೆ ಬಟ್ಟೆ ಬದಲಿಸುವುದು ಹೇಗೆ, ಒಳಗೆ ದೀಪ ಹಾಕಿದರೆ ಹೊರಗಿನವರಿಗೆ ಕಾಣುವುದಿಲ್ಲವೇ ಎಂದು. ಕಾಣುತ್ತದೆ. ತೆಳುಬಣ್ಣದ ತೆಳುಬಟ್ಟೆಯ ಟೆಂಟಿನೊಳಗೆ ಟಾರ್ಚ್ ಹಾಕಿದರೆ ಒಳಗಿರುವವರ ಆಕಾರ ಹೊರಗೆ ಸ್ಪಷ್ಟವಾಗಿ ಮೂಡುತ್ತದೆ. ಅಂಗಡಿಯವರು ಈ ಮಾತನ್ನು ಹೇಳುವುದೇ ಇಲ್ಲ. ನಾನು ಕೊಳ್ಳುವುದು ಗಾಢ ಹಸಿರು ಅಥವಾ ಬೂದು ಬಣ್ಣ. ಬಾಗಿಲು ಎರಡಿದ್ದರೆ ದಾರಿಯ ಕಡೆಯದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡುತ್ತೇನೆ. ದೀಪವನ್ನು ನೆಲದ ಮೇಲಿಟ್ಟು ಕೈವಸ್ತ್ರ ಮುಚ್ಚುತ್ತೇನೆ. ಪಾಂಡವಪುರದಲ್ಲಿ ಕದ ಮುಚ್ಚಿಕೊಂಡು ನೆನೆದದ್ದು ಈ ಹಿಂಜರಿಕೆಯಿಂದಲೇ ಅಲ್ಲವೇ? ಎರಡು ಬಾಗಿಲಿನ ಟೆಂಟಿಗೆ ಐವತ್ತು ಅರವತ್ತು ಗ್ರಾಂ ಹೆಚ್ಚಾಗಬಹುದು. ಒಬ್ಬಳೇ ಹೋಗುವವಳಿಗೆ ಅದು ಭಾರವಲ್ಲ.

ಬಟ್ಟೆಯ ವಿಷಯ ಹೇಳುವಾಗ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಅವರು ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲಿ ದುಡಿದವರು. ಟೆಂಟಿನ ಚೀಟಿಯಲ್ಲಿ 15ಡಿ, 20ಡಿ ಎಂದು ಬರೆದಿರುತ್ತದಲ್ಲ, ಆ ಡೀನಿಯರ್ ಎಂಬ ಮಾತನ್ನು ನಾನು ಕೇಳಿದ್ದು ನಮ್ಮ ಮನೆಯ ಊಟದ ಮಣೆಯಲ್ಲಿ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಸುಮಾರು ಎಂಟೊಂಬತ್ತು ಗೂಡುಗಳ ಎಳೆ ಸೇರಿಸಿ ಬಿಚ್ಚಿದರೆ ಇಪ್ಪತ್ತು–ಇಪ್ಪತ್ತೆರಡು ಡೀನಿಯರಿನ ಕಚ್ಚಾ ರೇಷ್ಮೆ. ಮೈಸೂರಿನಲ್ಲಿ 1912ರಿಂದ ರೇಷ್ಮೆ ನೇಯುತ್ತಿದ್ದಾರೆ, ಈ ಅಳತೆ ಈ ಊರಿಗೆ ಹೊಸದಲ್ಲ. ಅಪ್ಪ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ, ಕಣ್ಣು ಮುಚ್ಚಿ, ಇದು ದಪ್ಪ ಬಂದಿದೆ ಎಂದು ಹೇಳುತ್ತಿದ್ದರು. ನನ್ನ ಮೊದಲ ಟೆಂಟನ್ನು ಅವರಿಗೆ ತೋರಿಸಿದಾಗ ಅಂಚನ್ನು ಹಾಗೇ ಬೆರಳಿನಲ್ಲಿ ಉಜ್ಜಿ, "ಎಳೆ ಸಣ್ಣಗಿದೆ ಮಗಳೇ, ಮುಳ್ಳಿನ ಹತ್ತಿರ ಬಿಡಬೇಡ" ಅಂದರು. ಅದಕ್ಕಿಂತ ಹೆಚ್ಚು ನಾನೇನು ಹೇಳಲಿ?

ಹಗುರ ಟೆಂಟಿನ ಹೊರಹೊದಿಕೆ ಸಾಮಾನ್ಯವಾಗಿ 15 ಅಥವಾ 20 ಡೀನಿಯರ್. ತಳಕ್ಕೆ 20ಕ್ಕಿಂತ ಕಡಿಮೆ ಬೇಡ. ಅಗ್ಗದ ಟೆಂಟುಗಳ ಮೇಲೆ 190ಟಿ ಎಂದಿರುತ್ತದೆ, ಅದು ಡೀನಿಯರ್ ಅಲ್ಲ, ಒಂದು ಚದರ ಅಂಗುಲದಲ್ಲಿ ಹಾಸು ಹೊಕ್ಕು ಸೇರಿ ಎಷ್ಟು ಎಳೆ ಇವೆ ಎಂಬ ಲೆಕ್ಕ. ಎರಡನ್ನೂ ಕಲಸಿಕೊಳ್ಳಬೇಡಿ.

ನೈಲಾನೋ ಪಾಲಿಯೆಸ್ಟರೋ ಎಂಬ ಪ್ರಶ್ನೆಗೆ ನನ್ನ ಉತ್ತರ ಪಾಲಿಯೆಸ್ಟರ್. ನೈಲಾನ್ ಎಳೆ ಹೆಚ್ಚು ಗಟ್ಟಿ, ನಿಜ. ಆದರೆ ಅದು ನೀರು ಕುಡಿಯುತ್ತದೆ, ಕುಡಿದಾಗ ಹಿಗ್ಗುತ್ತದೆ. ಸಂಜೆ ತಮಟೆಯ ಹಾಗೆ ಬಿಗಿದು ಕಟ್ಟಿದ ಟೆಂಟ್ ನಡುರಾತ್ರಿ ಜೋಲುಬಿದ್ದು, ಮಳೆಯಲ್ಲಿ ಎದ್ದು ಹೊರಗೆ ಹೋಗಿ ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಹಾಗೆ ಹಿಗ್ಗುವುದಿಲ್ಲ. ಬಿಸಿಲಿಗೂ ಅದು ಹೆಚ್ಚು ತಾಳುತ್ತದೆ. ನಮ್ಮ ಬಿಸಿಲು ಸಾಧಾರಣದ್ದಲ್ಲ, ಯಾವ ಟೆಂಟನ್ನೂ ಹಗಲೆಲ್ಲ ಕಟ್ಟಿ ಬಿಡಬೇಡಿ. ಮೂರನೆಯದು ಡೈನೀಮಾ ಬಟ್ಟೆ. ಹಿಂದೆ ಕ್ಯೂಬನ್ ಫೈಬರ್ ಎನ್ನುತ್ತಿದ್ದರು, 1992ರ ಅಮೆರಿಕಾಸ್ ಕಪ್ ದೋಣಿ ಪಂದ್ಯದ ಹಾಯಿಗಳ ಕಾಲದಿಂದ ಬಂದದ್ದು. ಎರಡು ತೆಳು ಹಾಳೆಗಳ ನಡುವೆ ಎಳೆಗಳನ್ನು ಹರಡಿ ಅಂಟಿಸಿರುತ್ತಾರೆ, ನೇಯ್ಗೆಯೇ ಇಲ್ಲ. ಚದರ ಮೀಟರಿಗೆ 18 ಗ್ರಾಂನ ಆಸುಪಾಸು, ಅಂದರೆ ಸಿಲಿಕೋನ್ ಲೇಪದ ಪಾಲಿಯೆಸ್ಟರಿನ ಅರ್ಧಕ್ಕಿಂತ ಕಡಿಮೆ. ನೀರು ಹೀರುವುದಿಲ್ಲ, ಜೋಲು ಬೀಳುವುದಿಲ್ಲ. ಇದರಲ್ಲಿ 400 ಗ್ರಾಂನ ಟೆಂಟ್‌ಗಳೂ ಇವೆ. ಬೆಲೆ ಐನೂರು ಡಾಲರ್ ದಾಟುತ್ತದೆ, ಮೇಲೆ ಸುಂಕ ಬೇರೆ. ಉಜ್ಜಾಟಕ್ಕೆ, ಚುಚ್ಚಿಗೆ ಬೇಗ ಸೋಲುತ್ತದೆ. ವರ್ಷಕ್ಕೆ ಹತ್ತು ರಾತ್ರಿ ಹೊರಗೆ ಮಲಗುವವರು ಅಷ್ಟು ಹಣ ಹಾಕುವುದು ಬೇಡ ಎಂದೇ ನನ್ನ ಅಭಿಪ್ರಾಯ. ಆ ಹಣದಲ್ಲಿ ಹಿಮಾಚಲಕ್ಕೆ ಎರಡು ಸಲ ಹೋಗಿ ಬರಬಹುದು.

ಮಳೆಗೆ ಬರೋಣ. ಬೇಸಿಗೆ ಟೆಂಟಿಗೆ ಮಳೆಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಅಶ್ವಿನಿ, ಭರಣಿ, ಕೃತ್ತಿಕೆ ಎಲ್ಲ ಬೇಸಿಗೆಯಲ್ಲೇ ಬರುವ ಮಳೆಗಳಲ್ಲವೇ? ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವುದು ರೈತನ ಮಾತು. ಬಯಲಲ್ಲಿ ಮಲಗಿದವರಿಗೆ ಅದು ಬರುವ ರೀತಿಯೇ ಬೇರೆ. ಮಧ್ಯಾಹ್ನವೆಲ್ಲ ಉಬ್ಬೆ ಹಾಕಿದ ಹಾಗೆ ಸೆಕೆ, ಸಂಜೆಗೆ ಮೋಡ, ಮೊದಲು ಬಿರುಗಾಳಿ, ಆಮೇಲೆ ಗುಡುಗು, ಒಂದು ಗಂಟೆ ಧೋ ಎಂದು ಸುರಿದು ನಿಲ್ಲುತ್ತದೆ. ಕೆಲವು ಸಲ ಆಲಿಕಲ್ಲು. ಜುಲೈನ ಜಿಟಿಜಿಟಿ ಮಳೆಗಿಂತ ಇದು ಟೆಂಟಿಗೆ ಕಷ್ಟ, ಏಕೆಂದರೆ ಇದರಲ್ಲಿ ಹೊಡೆತ ಗಾಳಿಯದು.

ಚೀಟಿಯಲ್ಲಿ 1,500 ಮಿ.ಮೀ., 3,000 ಮಿ.ಮೀ. ಎಂದು ನೀರಿನ ತಡೆ ಬರೆದಿರುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ಏರಿಸುತ್ತ ಹೋಗಿ, ಮೂರು ಕಡೆ ಹನಿ ಒಸರುವ ಹೊತ್ತಿಗೆ ಎಷ್ಟು ಎತ್ತರವಿತ್ತು ಎಂದು ಅಳೆದ ಅಂಕಿ ಅದು. ನೆತ್ತಿಯ ಬಟ್ಟೆಗೆ 1,500 ಸಾಕು. ತಳಕ್ಕೆ ಹೆಚ್ಚಿದ್ದಷ್ಟೂ ಒಳ್ಳೆಯದು, ಏಕೆಂದರೆ ಒದ್ದೆ ನೆಲದ ಮೇಲೆ ನೀವು ಮೊಳಕಾಲೂರಿದಾಗ ಆ ಒಂದು ಜಾಗದ ಒತ್ತಡ ಮಳೆಹನಿಯ ಒತ್ತಡಕ್ಕಿಂತ ಎಷ್ಟೋ ಪಟ್ಟು. ಟೆಂಟ್ ಸೋರಿತು ಎಂದು ನನಗೆ ಫೋನ್ ಮಾಡುವವರಲ್ಲಿ ಬಹಳ ಮಂದಿಯ ಟೆಂಟ್ ಸೋರಿರುವುದಿಲ್ಲ. ಒಳಗೆ ಕಟ್ಟಿದ ಹನಿಯನ್ನು ಮಳೆಯ ಹೊಡೆತ ಕೆಳಗೆ ಉದುರಿಸಿರುತ್ತದೆ. ನಿಜವಾಗಿ ಸೋರುವುದು ಹೊಲಿಗೆಯಲ್ಲಿ. ಸಿಲಿಕೋನ್ ಲೇಪದ ಬಟ್ಟೆಗೆ ಟೇಪು ಅಂಟುವುದಿಲ್ಲ, ಹೊಲಿಗೆಗೆ ಸಿಲಿಕೋನ್ ಅಂಟನ್ನೇ ಬಳಿಯಬೇಕು. ಕಾರ್ಖಾನೆಯಲ್ಲೇ ಬಳಿದಿದ್ದಾರೆಯೇ ಎಂದು ಕೇಳಿಕೊಂಡು ಕೊಳ್ಳಿ. ಇಲ್ಲದಿದ್ದರೆ ಮನೆಯಲ್ಲೇ ಸಣ್ಣ ಬ್ರಷ್ಷಿನಿಂದ ಒಂದು ಮಧ್ಯಾಹ್ನದ ಕೆಲಸ.

ಇದಕ್ಕಿಂತ ಮುಖ್ಯವಾದದ್ದು ಕಟ್ಟುವ ಕ್ರಮ. ಕೆಲವು ಟೆಂಟುಗಳಲ್ಲಿ ಮೊದಲು ಒಳಗಿನ ಬಲೆ ಕಟ್ಟಿ ಆಮೇಲೆ ಹೊದಿಕೆ ಹೊದಿಸಬೇಕು. ಮಳೆ ಸುರಿಯುತ್ತಿರುವಾಗ ಆ ಎರಡು ನಿಮಿಷದಲ್ಲಿ ನೀವು ಮಲಗುವ ಜಾಗ ಕೆರೆಯಾಗಿರುತ್ತದೆ. ಹೊದಿಕೆ ಮೊದಲು ಎದ್ದು ನಿಂತು, ಅದರ ಕೆಳಗೆ ನೀವು ಕೂತು ಒಳಬಲೆ ಸಿಕ್ಕಿಸುವಂಥದ್ದನ್ನೇ ಆರಿಸಿ. ಊರುಗೋಲಿನಿಂದ ನಿಲ್ಲಿಸುವ ಟೆಂಟುಗಳಲ್ಲಿ ಈ ಅನುಕೂಲವಿರುವುದು ಹೆಚ್ಚು. ಚಾರಣದ ಕೋಲು ಹೇಗೂ ಕೈಯಲ್ಲಿರುತ್ತದೆ, ಬೇರೆ ಕಂಬಿ ಹೊರಬೇಕಾಗಿಲ್ಲ, ಮುನ್ನೂರು ಗ್ರಾಂ ಅಲ್ಲೇ ಉಳಿಯಿತು. ಕೆನಡಾದ ಡ್ಯಾನ್ ಡರ್ಸ್ಟನ್ 2018ರಲ್ಲಿ ತಂದ ಎಕ್ಸ್-ಮಿಡ್ ಈ ಬಗೆಯದು. ಆಯತಾಕಾರದ ಪಾಲಿಯೆಸ್ಟರ್ ಹೊದಿಕೆ, ಎದುರುಬದುರು ಎರಡು ಕೋಲು, ಒಳಗೆ ಕೋನವಾಗಿ ಮಲಗುವ ಜಾಗ, ಎರಡು ಬಾಗಿಲು, ನಾಲ್ಕು ಗೂಟಕ್ಕೆ ನಿಲ್ಲುತ್ತದೆ, ತೂಕ 800 ಗ್ರಾಂನ ಸುತ್ತಮುತ್ತ. ಒಂದು ಟೆಂಟಿನ ವಿನ್ಯಾಸ ಹೇಗೆ ಯೋಚಿಸಿ ಮಾಡಬೇಕು ಅನ್ನುವುದಕ್ಕೆ ನಾನು ಅದನ್ನು ತೋರಿಸುತ್ತೇನೆ. ಕೊಳ್ಳುವುದು ನಿಮ್ಮ ನಿಮ್ಮ ಜೇಬಿಗೆ ಬಿಟ್ಟದ್ದು, ಅದೇ ಮಾದರಿಯ ಅಗ್ಗದ ಟೆಂಟುಗಳೂ ಸಿಗುತ್ತವೆ.

ಊರುಗೋಲಿನ ಟೆಂಟಿನ ಕೊರತೆಯನ್ನೂ ಹೇಳಬೇಕು. ಒಂದು ಗೂಟ ಕಿತ್ತರೆ ಇಡೀ ಟೆಂಟ್ ಮಲಗುತ್ತದೆ. ನಮ್ಮ ಸೀಮೆಯಲ್ಲಿ ಗೂಟ ಹಿಡಿಯದ ನೆಲ ಎರಡಿವೆ. ಒಂದು ಬಂಡೆ, ಇನ್ನೊಂದು ಮರಳು. ಕುಂತಿಬೆಟ್ಟ, ಮೇಲುಕೋಟೆಯ ಕಡೆ ಹೋದವರಿಗೆ ಬಂಡೆಯ ವಿಷಯ ಗೊತ್ತು. ಇದಕ್ಕೆ ಉಪಾಯವನ್ನು ನಾನು ಕಲಿತದ್ದು ಹಿಮಾಚಲದಲ್ಲಿ, ಹಂಪ್ತಾ ಪಾಸಿನ ದಾರಿಯಲ್ಲಿ, ಗದ್ದಿ ಎಂಬ ಜನಾಂಗದ ಕುರಿಗಾಹಿಯೊಬ್ಬರಿಂದ. ಹೊಳೆಯ ಕಲ್ಲುಹಾಸಿನಲ್ಲಿ ನಾನು ಗೂಟದ ಮೇಲೆ ಗೂಟ ಬಾಗಿಸಿಕೊಳ್ಳುತ್ತಿದ್ದೆ. ಅವರು ಮಾತೇ ಆಡದೆ ಬಂದು ಹಗ್ಗವನ್ನು ಉದ್ದ ಮಾಡಿದರು. ತೆಂಗಿನಕಾಯಿ ಗಾತ್ರದ ಕಲ್ಲಿಗೆ ಅದರ ಕುಣಿಕೆ ಹಾಕಿ ದೂರದಲ್ಲಿಟ್ಟರು. ಆ ಕಲ್ಲಿನ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೇ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ತಂದು ಕೂರಿಸಿದರು. ಎಳೆದು ನೋಡು ಎಂದು ಸನ್ನೆ ಮಾಡಿದರು. ಎಳೆದೆ. ಚಿಕ್ಕ ಕಲ್ಲು ಜಾರಿ ಬಂದು ದೊಡ್ಡ ಕಲ್ಲಿಗೆ ಒರಗಿತು, ಅಲ್ಲಿಗೆ ನಿಂತಿತು. ಎಳೆದಷ್ಟೂ ಬಿಗಿಯಿತು. ಆ ರಾತ್ರಿಯ ಗಾಳಿಗೆ ಟೆಂಟ್ ಅಲುಗಲಿಲ್ಲ. ಅಂದಿನಿಂದ ಪ್ರತಿ ಮೂಲೆಗೂ ಒಂದೂವರೆ ಮೀಟರಿನ ಹೆಚ್ಚುವರಿ ಹಗ್ಗ ಇಟ್ಟುಕೊಂಡಿದ್ದೇನೆ, ಎಲ್ಲ ಸೇರಿ ಮೂವತ್ತು ಗ್ರಾಂ ಆಗುವುದಿಲ್ಲ.

ಮರಳಿನಲ್ಲಾದರೆ ಬಟ್ಟೆಯ ಸಣ್ಣ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳದಲ್ಲಿ ಹೂತುಬಿಡುವುದು. ಆದರೆ ಕಾವೇರಿಯ ಮರಳ ಮೇಲೆ ಮಲಗಬೇಡಿ. ಮುತ್ತತ್ತಿಯ ಕಡೆಯಾಗಲಿ, ಶ್ರೀರಂಗಪಟ್ಟಣದ ಕೆಳಗಾಗಲಿ, ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಹೊಳೆ ಏರುತ್ತದೆ. ಮಳೆ ಇಲ್ಲದ ದಿನವೂ ಏರುತ್ತದೆ. ದಯವಿಟ್ಟು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಡಿಲಿನ ವಿಷಯವೂ ಅಷ್ಟೇ. ಟೆಂಟ್ ಮಳೆಗೆ ಮರೆ, ಸಿಡಿಲಿಗೆ ಅಲ್ಲ. ಗುಡುಗು ಕೇಳಿಸಿದರೆ ಬೆಟ್ಟದ ನೆತ್ತಿಯಿಂದ, ಒಂಟಿಮರದ ಬುಡದಿಂದ ಇಳಿದು ಊರಿನ ಕಟ್ಟಡದೊಳಗೆ ಹೋಗಬೇಕು.

ಅಳತೆಯ ಬಗ್ಗೆ ಒಂದು ಮಾತು. ಕೊಳ್ಳುವ ಮೊದಲು ಒಳಗೆ ಮಲಗಿ ನೋಡಿ. ಐದೂವರೆ ಅಡಿಯವರಿಗೆ ಟೆಂಟಿನ ಉದ್ದ 210 ಸೆಂ.ಮೀ. ಇದ್ದರೆ ಸಾಕು, ಆರಡಿಯವರಿಗೆ 220ಕ್ಕಿಂತ ಹೆಚ್ಚು ಬೇಕು. ಚೀಟಿಯ ಉದ್ದ ನೆಲದ್ದು, ಗೋಡೆ ಒಳಕ್ಕೆ ವಾಲಿರುತ್ತದೆ, ಹಾಸಿಗೆಯ ದಪ್ಪಕ್ಕೆ ನೀವು ಮೇಲೇರಿರುತ್ತೀರಿ, ಅಷ್ಟರಲ್ಲಿ ಕಾಲು ಬಟ್ಟೆಗೆ ತಾಗಿರುತ್ತದೆ. ಕೂತರೆ ತಲೆ ತಾಗಬಾರದು. ಮಳೆಗೆ ಸಿಕ್ಕಿ ಒಂದು ಸಂಜೆಯೆಲ್ಲ ಒಳಗೇ ಇರಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಎಲ್ಲಿ ಕಟ್ಟಬಹುದು ಎಂದು ಹಲವರು ಕೇಳಿದಿರಿ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಕಾವೇರಿ ವನ್ಯಧಾಮ, ಇಲ್ಲೆಲ್ಲ ನಮ್ಮಿಷ್ಟಕ್ಕೆ ರಾತ್ರಿ ತಂಗುವ ಹಾಗಿಲ್ಲ, ತಂಗಲೂಬಾರದು. ಅದು ಆನೆಯ ದಾರಿ, ನಮ್ಮದಲ್ಲ. ಮೀಸಲು ಅರಣ್ಯದ ಬೆಟ್ಟಗಳಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಹಲವನ್ನು ಮುಚ್ಚಿರುತ್ತಾರೆ. ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು 2018ರಲ್ಲಿ ಅಲ್ಲಿನ ಹೈಕೋರ್ಟ್ ನಿಷೇಧಿಸಿತು. ಹೋಗುವ ಮೊದಲು ಆಯಾ ಜಾಗದ ನಿಯಮ ವಿಚಾರಿಸಿ. ನಮ್ಮಲ್ಲಿ ನಾನು ಮಲಗುವುದು ರೈತರ ತೋಟದಲ್ಲಿ, ಕೊಡಗಿನ ತೋಟದ ಮನೆಗಳ ಅಂಗಳದಲ್ಲಿ, ಯಜಮಾನರನ್ನು ಕೇಳಿಕೊಂಡು. ಕೇಳಿದರೆ ಬೇಡ ಅಂದವರು ಕಡಿಮೆ. ಟೆಂಟ್ ಯಾಕವ್ವ, ಜಗಲಿ ಮೇಲೆ ಮಲಗು ಅಂದವರೇ ಹೆಚ್ಚು.

ಒಳಗೆ ಸೊಳ್ಳೆ ಬತ್ತಿ ಹಚ್ಚಬೇಡಿ. ಅರ್ಧಗಂಟೆ ಎಂದುಕೊಂಡು ಹಚ್ಚಿ ನಿದ್ದೆ ಹೋದವರ ಟೆಂಟಿನ ತಳ ಅಂಗೈಯಗಲ ಕರಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಲೆಯ ಜಿಪ್ ಹಾಕಿದರೆ ಸೊಳ್ಳೆಗೆ ಅಷ್ಟೇ ಸಾಕು.

ಮನೆಗೆ ಬಂದ ಮೇಲೆ, ಎಷ್ಟೇ ಸುಸ್ತಾಗಿದ್ದರೂ, ಅದೇ ದಿನ ಟೆಂಟನ್ನು ನೆರಳಿನಲ್ಲಿ ಹರಡಿ ಒಣಗಿಸಿ. ಪಾಲಿಯುರಿಥೇನ್ ಲೇಪವಿರುವ ಟೆಂಟನ್ನು ಹಸಿಯಾಗಿಯೇ ಸುತ್ತಿಟ್ಟರೆ, ನಮ್ಮ ಮಳೆಗಾಲದ ಥಂಡಿಯಲ್ಲಿ ಆ ಲೇಪ ಕೊಳೆತು ಅಂಟಂಟಾಗಿ ಕೆಟ್ಟ ವಾಸನೆ ಹೊಡೆಯುತ್ತದೆ. ಒಮ್ಮೆ ಹಾಗಾದರೆ ಮತ್ತೆ ಸರಿಹೋಗುವುದಿಲ್ಲ. ಜೊತೆಗೆ ಬಂದ ಬಿಗಿಚೀಲದಲ್ಲಿ ವರ್ಷಗಟ್ಟಲೆ ತುರುಕಿಡಬೇಡಿ. ಹಳೆಯ ದಿಂಬಿನ ಹತ್ತಿಚೀಲದಲ್ಲಿ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ.

ಈಗ ಮೇಜು ಕುರ್ಚಿ ಸರಿಸಿದರೆ ನಾನು ತಂದಿರುವ ಈ ಮೂರು ಟೆಂಟುಗಳನ್ನೂ ಇಲ್ಲೇ ಹರಡಬಹುದು. ನೆಲಕ್ಕೆ ಗೂಟ ಹೊಡೆಯುವ ಹಾಗಿಲ್ಲವಾದ್ದರಿಂದ ಹಗ್ಗಗಳನ್ನು ಕುರ್ಚಿಯ ಕಾಲಿಗೆ ಕಟ್ಟೋಣ. ಒಬ್ಬೊಬ್ಬರೇ ಬಂದು ದೀಪ ಆರಿಸಿದ ಮೇಲೆ ಕಟ್ಟಿ ನೋಡಿ, ಯಾರೂ ಸಹಾಯ ಮಾಡಬೇಡಿ. ತಕ್ಕಡಿ ಇಲ್ಲೇ ಇರುತ್ತದೆ. ನಿಮ್ಮ ನಿಮ್ಮ ಟೆಂಟ್ ತಂದವರು ಗೂಟ, ಹಗ್ಗ, ಚೀಲ ಸಮೇತ ತೂಗಿ, ಆ ಅಂಕಿಯನ್ನು ಚೀಲದ ಒಳಬದಿಗೆ ಬರೆದುಕೊಳ್ಳಿ. ಪೆನ್ನು ಮೇಜಿನ ಮೇಲಿದೆ.